ಬ್ರೇಕ್ ಒತ್ತಿದರೆ ಕಾರು ಅದುರುತ್ತಿದೆಯೇ? ಡಿಸ್ಕ್ ಬದಲಿಸುವ ಮೊದಲು ಅಳತೆ ಮಾಡಿಸಿ

ಬ್ರೇಕ್ ಒತ್ತಿದಾಗ ಸ್ಟೀರಿಂಗ್ ಅದುರುತ್ತದೆ ಎಂಬುದು ಕಾರಿನ ಮಾಲೀಕರು ಗ್ಯಾರೇಜಿಗೆ ಒಯ್ಯುವ ತೀರ ಸಾಮಾನ್ಯವಾದ ದೂರು. ಅಲ್ಲಿ ಸಿಗುವ ಉತ್ತರವೂ ಅಷ್ಟೇ ಸಾಮಾನ್ಯ: ‘ಡಿಸ್ಕ್ ಬೆಂಡ್ ಆಗಿದೆ, ಜೋಡಿ ಬದಲಿಸಬೇಕು.’ ಸಾವಿರಾರು ರೂಪಾಯಿ ಕೊಟ್ಟು ಹೊಸ ಡಿಸ್ಕ್ ಹಾಕಿಸಿದ ಮೇಲೆ ಕಾರು ನಯವಾಗಿ ನಿಲ್ಲುತ್ತದೆ. ಆದರೆ ಎಷ್ಟೋ ಕಾರುಗಳಲ್ಲಿ ಆರೇಳು ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಅದೇ ಅದುರು ಮರಳಿ ಬರುತ್ತದೆ. ಡಿಸ್ಕ್ ಕಳಪೆಯದು ಎಂದುಕೊಂಡು ಮಾಲೀಕರು ಮತ್ತೊಂದು ಜೋಡಿ ಕೊಳ್ಳುತ್ತಾರೆ.

ಬಹುಪಾಲು ಸಂದರ್ಭಗಳಲ್ಲಿ ತಪ್ಪು ಡಿಸ್ಕಿನದಲ್ಲ. ಅದು ಕೂರುವ ಹಬ್ಬಿನ ಮೇಲಿನ ತುಕ್ಕು, ಜಾಮ್ ಆದ ಕ್ಯಾಲಿಪರ್ ಪಿನ್, ಅಡ್ಡಾದಿಡ್ಡಿ ಬಿಗಿಸಿದ ನಟ್ಟು, ಘಟ್ಟ ಇಳಿಯುವಾಗ ಬ್ರೇಕಿಗೆ ಬಿದ್ದ ವಿಪರೀತ ಬಿಸಿ ಇವುಗಳಲ್ಲಿ ಒಂದು ಮೂಲ ಕಾರಣವಾಗಿರುತ್ತದೆ. ಡಿಸ್ಕ್ ಆ ಕಾರಣದ ಪರಿಣಾಮವನ್ನು ತೋರಿಸುತ್ತದೆ, ಅಷ್ಟೇ. ಕಾರಣ ಉಳಿದರೆ ಹೊಸ ಡಿಸ್ಕಿಗೂ ಹಳೆಯದರ ಗತಿಯೇ. ಹಾಗಾಗಿ ಲಕ್ಷಣವನ್ನು ಸರಿಯಾಗಿ ಓದುವುದು, ಅಳತೆ ಮಾಡುವುದು, ಆಮೇಲೆ ಬಿಡಿಭಾಗ ಕೊಳ್ಳುವುದು ಈ ಕ್ರಮವನ್ನು ಬಿಡಬಾರದು.

ಕಾಯಬಾರದ ಲಕ್ಷಣಗಳು

ಬ್ರೇಕ್ ಒತ್ತಿದಾಗಷ್ಟೇ ಬರುವ ಸಣ್ಣ ಅದುರು ಒಂದೆರಡು ದಿನ ಕಾಯಬಲ್ಲದು. ಆದರೆ ಕೆಳಗಿನ ಯಾವುದೇ ಲಕ್ಷಣ ಜೊತೆಗಿದ್ದರೆ ಕಾರನ್ನು ಓಡಿಸದೆ ಮೆಕ್ಯಾನಿಕ್‌ನನ್ನೇ ಕರೆಸಿ, ಇಲ್ಲವೇ ಟೋ ಮಾಡಿಸಿ.

- ಪೆಡಲ್ ಮೆತ್ತಗಾಗಿ ಕೆಳಕ್ಕೆ ಇಳಿಯುತ್ತಿದ್ದರೆ, ಅಥವಾ ಎರಡು ಮೂರು ಸಲ ಪಂಪ್ ಮಾಡಿದರೆ ಮಾತ್ರ ಹಿಡಿಯುತ್ತಿದ್ದರೆ.
- ಬ್ರೇಕ್ ಆಯಿಲ್ ಮಟ್ಟ ಇಳಿದಿದ್ದರೆ, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಬ್ರೇಕ್ ದೀಪ ಉರಿಯುತ್ತಿದ್ದರೆ.
- ಬ್ರೇಕ್ ಹಿಡಿದಾಗ ಕಾರು ಒಂದೇ ಪಕ್ಕಕ್ಕೆ ಎಳೆಯುತ್ತಿದ್ದರೆ.
- ಲೋಹಕ್ಕೆ ಲೋಹ ಉಜ್ಜುವ ಕರಕರ ಸದ್ದು ಬರುತ್ತಿದ್ದರೆ.
- ಒಂದು ಚಕ್ರದಿಂದ ಮಾತ್ರ ಸುಟ್ಟ ವಾಸನೆ ಅಥವಾ ಹೊಗೆ ಬರುತ್ತಿದ್ದರೆ.
- ಚಕ್ರ ಬಿಚ್ಚಿ ಹಾಕಿದ ಕೆಲವೇ ದಿನಗಳಲ್ಲಿ ಅದುರು ಶುರುವಾಗಿ ದಿನೇ ದಿನೇ ಹೆಚ್ಚುತ್ತಿದ್ದರೆ. ಇದು ಸಡಿಲವಾದ ನಟ್ಟಿನ ಲಕ್ಷಣವಾಗಿರಬಹುದು. ಕೂಡಲೇ ನಿಲ್ಲಿಸಿ, ಸ್ಪ್ಯಾನರ್ ಹಾಕಿ ನೋಡಿ.

ಅದುರು ಎಲ್ಲಿ, ಯಾವಾಗ?

ಗ್ಯಾರೇಜಿಗೆ ಹೋಗುವ ಮೊದಲು ನಿಮ್ಮ ಕೈ, ಕಾಲು, ಬೆನ್ನಿಗೆ ಏನು ತಿಳಿಯುತ್ತಿದೆ ಎಂದು ಗಮನಿಸಿ. ದೋಷ ಎಲ್ಲಿದೆ ಎಂಬುದರ ಅರ್ಧ ಸುಳಿವು ಅಲ್ಲೇ ಸಿಗುತ್ತದೆ.

ಸ್ಟೀರಿಂಗ್ ಎಡಬಲಕ್ಕೆ ಅದುರಿದರೆ ಸಾಮಾನ್ಯವಾಗಿ ದೋಷ ಮುಂದಿನ ಚಕ್ರಗಳ ಬ್ರೇಕಿನಲ್ಲಿರುತ್ತದೆ. ಸೀಟು ಮತ್ತು ಕಾಲಡಿಯ ನೆಲ ಅದುರಿ ಸ್ಟೀರಿಂಗ್ ಶಾಂತವಾಗಿದ್ದರೆ ಹಿಂದಿನ ಡ್ರಮ್ ಅಥವಾ ಡಿಸ್ಕ್ ಕಡೆ ನೋಡಬೇಕು. ಪೆಡಲ್ ಕಾಲಿನಡಿ ಮೇಲೆ ಕೆಳಗೆ ಮಿಡಿಯುವುದು ಮುಂದೆ, ಹಿಂದೆ ಯಾವ ಕಡೆಯಿಂದಲೂ ಬರಬಹುದು. ಆದರೆ ಆ ಮಿಡಿತ ಚಕ್ರ ತಿರುಗುವ ವೇಗದ ಜೊತೆಗೇ ಕಡಿಮೆಯಾಗುತ್ತಾ ಹೋದರೆ ತಿರುಗುವ ಭಾಗದಲ್ಲೇ ದೋಷವಿದೆ ಎಂದು ಖಚಿತ.

ಬ್ರೇಕ್ ಮುಟ್ಟದೆಯೂ 80–100 ಕಿ.ಮೀ. ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ಮೊದಲು ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ, ಟಯರಿನಲ್ಲಿ ಉಬ್ಬು ಇದೆಯೇ, ರಿಮ್ ಗುಂಡಿಗೆ ಬಿದ್ದು ಸೊಟ್ಟಗಾಗಿದೆಯೇ ನೋಡಿ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ನಡುಕ ಬಂದು ಕಾಲು ತೆಗೆದರೆ ನಿಂತುಹೋದರೆ ಡ್ರೈವ್ ಶಾಫ್ಟಿನ ಜಾಯಿಂಟ್ ಪರೀಕ್ಷಿಸಬೇಕು. ಬ್ರೇಕ್ ಹಿಡಿದ ಕ್ಷಣ ‘ಟಕ್’ ಎಂದು ಒಂದೇ ಸಲ ಸದ್ದಾಗಿ ಆಮೇಲೆ ಸ್ಟೀರಿಂಗ್ ಅಲುಗಾಡಿದರೆ ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಸ್ಟೀರಿಂಗ್ ರಾಡ್ ತುದಿಗಳು ಸವೆದಿರಬಹುದು. ಇಂಥ ಸವೆದ ಬುಷ್‌ಗಳು ಬ್ರೇಕಿನ ಸಣ್ಣ ದೋಷವನ್ನೂ ದೊಡ್ಡದಾಗಿ ಕಾಣಿಸುತ್ತವೆ. ಗುಂಡಿ, ಹಂಪ್‌ಗಳಲ್ಲಿ ಸದಾ ಓಡುವ ಕಾರುಗಳಲ್ಲಿ ಇವೆರಡೂ ಒಟ್ಟಿಗೇ ಇರುವುದು ಮಾಮೂಲು.

ಅದುರು 80ರ ಆಸುಪಾಸಿನಲ್ಲಿ ಜೋರಾಗಿದ್ದು 40ಕ್ಕೆ ಇಳಿದಾಗ ಮಾಯವಾಗುವುದಕ್ಕೂ ಲೆಕ್ಕವಿದೆ. 185/65 ಆರ್15 ಅಳತೆಯ ಟಯರು ಒಂದು ಸುತ್ತಿಗೆ ಸುಮಾರು 1.95 ಮೀಟರ್ ಕ್ರಮಿಸುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 11 ಸುತ್ತಿಗೂ ತುಸು ಹೆಚ್ಚು ತಿರುಗುತ್ತದೆ. ಸುತ್ತಿಗೊಂದು ಸಲ ಬೀಳುವ ಈ ಪೆಟ್ಟಿನ ಲಯ ಸಸ್ಪೆನ್ಷನ್ ಮತ್ತು ಸ್ಟೀರಿಂಗಿನ ಸಹಜ ಕಂಪನದ ಲಯಕ್ಕೆ ಹತ್ತಿರವಾದಾಗ ಅದುರು ಹಿಗ್ಗುತ್ತದೆ, ದೂರ ಸರಿದಾಗ ತಗ್ಗುತ್ತದೆ. ಕಡಿಮೆ ವೇಗದಲ್ಲಿ ಅದುರಿಲ್ಲ ಎಂದ ಮಾತ್ರಕ್ಕೆ ದೋಷವಿಲ್ಲ ಎಂದಲ್ಲ.

ಎಬಿಎಸ್ ಮಿಡಿತ ದೋಷವಲ್ಲ

ಮಳೆಯಲ್ಲಿ ಅಥವಾ ಮರಳು ಬಿದ್ದ ರಸ್ತೆಯಲ್ಲಿ ಬ್ರೇಕನ್ನು ಬಲವಾಗಿ ಒತ್ತಿದಾಗ ಪೆಡಲ್ ಕಾಲಿಗೆ ವೇಗವಾಗಿ ಗುದ್ದುತ್ತದೆ, ಬಾನೆಟ್ಟಿನೊಳಗಿಂದ ಗರಗರ ಸದ್ದು ಬರುತ್ತದೆ. ಇದು ಎಬಿಎಸ್ ತನ್ನ ಕೆಲಸ ಮಾಡುತ್ತಿರುವ ಲಕ್ಷಣ. ಚಕ್ರ ಲಾಕ್ ಆಗದಂತೆ ಅದು ಒತ್ತಡವನ್ನು ಸೆಕೆಂಡಿಗೆ ಹಲವು ಬಾರಿ ಬಿಟ್ಟು ಹಿಡಿಯುತ್ತದೆ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿರುವುದರಿಂದ ಹಳೆಯ ಕಾರಿನಿಂದ ಹೊಸದಕ್ಕೆ ಬಂದವರು ಈ ಮಿಡಿತಕ್ಕೆ ಬೆದರಿ ಕಾಲು ತೆಗೆದುಬಿಡುವುದುಂಟು. ಹಾಗೆ ಎಂದೂ ಮಾಡಬೇಡಿ. ಕಾಲು ಒತ್ತಿಯೇ ಇರಲಿ, ಸ್ಟೀರಿಂಗಿನಿಂದ ದಾರಿ ಹುಡುಕಿ.

ಆದರೆ ಒಣ ರಸ್ತೆಯಲ್ಲಿ, ಹಗುರವಾಗಿ ಬ್ರೇಕ್ ಹಿಡಿದು ಇನ್ನೇನು ನಿಲ್ಲುವ ವೇಗಕ್ಕೆ ಬಂದಾಗ ಎಬಿಎಸ್ ಗುದ್ದಿದರೆ ಚಕ್ರದ ಸೆನ್ಸರ್ ಮೇಲೆ ಕೊಳೆ ಕೂತಿರಬಹುದು, ಸೆನ್ಸರ್ ಓದುವ ರಿಂಗು ತುಕ್ಕು ಹಿಡಿದಿರಬಹುದು ಅಥವಾ ಬೇರಿಂಗ್ ಸಡಿಲವಾಗಿರಬಹುದು. ಇದನ್ನು ಡಿಸ್ಕ್ ಬದಲಿಸಿ ಸರಿಪಡಿಸಲಾಗದು, ಸ್ಕ್ಯಾನರ್ ಹಾಕಿ ನೋಡಬೇಕು.

ರಸ್ತೆಯ ಮೇಲಿನ ಪರೀಕ್ಷೆ

ಬೆಳಗಿನ ಹೊತ್ತು, ವಾಹನವಿಲ್ಲದ ಒಣ ನೇರ ರಸ್ತೆ ಆರಿಸಿ. ಮೊದಲು ಟಯರ್ ಗಾಳಿ ಸರಿಮಾಡಿಕೊಳ್ಳಿ. ಪಕ್ಕದಲ್ಲಿ ಇನ್ನೊಬ್ಬರು ಕೂತು ಗಮನಿಸಿದರೆ ಒಳ್ಳೆಯದು.

ಒಂದು, ಬ್ರೇಕ್ ತಣ್ಣಗಿರುವಾಗಲೇ 80ರಿಂದ 40ಕ್ಕೆ ಹಗುರವಾಗಿ ಇಳಿಸಿ. ಆಗಲೇ ಅದುರಿದರೆ ಡಿಸ್ಕಿನ ದಪ್ಪದಲ್ಲಿ ಶಾಶ್ವತ ಏರುಪೇರಿದೆ ಎಂದರ್ಥ. ಎರಡು, ಇದನ್ನೇ ಹಲವು ಬಾರಿ ಮಾಡಿ ಬ್ರೇಕ್ ಬಿಸಿಯಾದ ಮೇಲೆ ಮಾತ್ರ ಅದುರು ಬಂದರೆ ಬಿಸಿಗೆ ಡಿಸ್ಕ್ ತಾತ್ಕಾಲಿಕವಾಗಿ ಉಬ್ಬುತ್ತಿದೆ, ಅಥವಾ ಪ್ಯಾಡಿನ ಗುಣಮಟ್ಟ ಸಾಲದು, ಅಥವಾ ಕ್ಯಾಲಿಪರ್ ಬಿಡದೆ ಹಿಡಿದುಕೊಂಡಿದೆ. ಮೂರು, ಹಿಂದೆ ಡ್ರಮ್ ಮತ್ತು ಕೈಯಲ್ಲಿ ಎಳೆಯುವ ಹ್ಯಾಂಡ್‌ಬ್ರೇಕ್ ಇರುವ ಕಾರಿನಲ್ಲಿ, 40ರ ವೇಗದಲ್ಲಿ ಹ್ಯಾಂಡ್‌ಬ್ರೇಕಿನ ಗುಂಡಿಯನ್ನು ಒತ್ತಿಯೇ ಹಿಡಿದು ನಿಧಾನವಾಗಿ ಎರಡು ಮೂರು ಹಲ್ಲಿನಷ್ಟು ಎಳೆಯಿರಿ. ಅದುರು ಬಂದರೆ ದೋಷ ಹಿಂದಿನ ಡ್ರಮ್ಮಿನಲ್ಲಿದೆ. ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಇರುವ ಕಾರಿನಲ್ಲಿ, ಒದ್ದೆ ರಸ್ತೆಯಲ್ಲಿ, ತಿರುವಿನಲ್ಲಿ ಈ ಮೂರನೆಯ ಪರೀಕ್ಷೆ ಬೇಡವೇ ಬೇಡ.

ಪರೀಕ್ಷೆ ಮುಗಿಸಿ ನಿಲ್ಲಿಸಿದ ಮೇಲೆ ಚಕ್ರಗಳ ಬಳಿ ಅಂಗೈಯ ಹಿಂಬದಿಯನ್ನು ಸ್ವಲ್ಪ ದೂರದಲ್ಲೇ ಹಿಡಿದು ಬಿಸಿ ಹೋಲಿಸಿ. ಮುಟ್ಟಬೇಡಿ. ಎಡ ಬಲಗಳ ನಡುವೆ ಬಿಸಿಯಲ್ಲಿ ಎದ್ದು ಕಾಣುವ ವ್ಯತ್ಯಾಸವಿದ್ದರೆ ಹೆಚ್ಚು ಬಿಸಿಯಿರುವ ಕಡೆಯ ಕ್ಯಾಲಿಪರ್ ಸಿಕ್ಕಿಹಾಕಿಕೊಂಡಿರುವ ಸಾಧ್ಯತೆ ಹೆಚ್ಚು. ಇನ್ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೂ ಖಚಿತ.

ಡಿಸ್ಕ್ ನಿಜಕ್ಕೂ ಬಾಗುತ್ತದೆಯೇ?

ಡಿಸ್ಕ್ ಎರಕದ ಕಬ್ಬಿಣದ್ದು. ತಟ್ಟೆ ಸೊಟ್ಟಗಾದಂತೆ ಅದು ಬಾಗುವುದು ಅಪರೂಪ. ನಮಗೆ ಅದುರಾಗಿ ತಿಳಿಯುವುದು ಅದರ ದಪ್ಪದಲ್ಲಿನ ಏರುಪೇರು. ಈ ವ್ಯತ್ಯಾಸ 0.02 ಮಿಲಿಮೀಟರ್, ಅಂದರೆ 20 ಮೈಕ್ರಾನ್ ಇದ್ದರೂ ಸಾಕು, ಹಲವು ಕಾರುಗಳಲ್ಲಿ ಸ್ಟೀರಿಂಗಿನಲ್ಲಿ ಗೊತ್ತಾಗುತ್ತದೆ. ನೀವು ಬರೆಯುವ ಸಾಮಾನ್ಯ ಕಾಗದದ ದಪ್ಪದ ಐದನೇ ಒಂದು ಭಾಗ ಅದು. ಕಣ್ಣಿಗೆ ಕಾಣದು, ಬೆರಳಿಗೆ ಸಿಗದು. ನೋಡಿದ ಮಾತ್ರಕ್ಕೆ ಡಿಸ್ಕ್ ಸರಿಯಿದೆ ಅಥವಾ ಕೆಟ್ಟಿದೆ ಎಂದು ಹೇಳಲಾಗದಿರುವುದು ಇದಕ್ಕೇ.

ಈ ಏರುಪೇರು ಹುಟ್ಟುವ ಮುಖ್ಯ ದಾರಿಗಳು ಮೂರು.

ಮೊದಲನೆಯದು ಓಲಾಟ. ಹಬ್ಬಿನ ಮೇಲೆ ತುಕ್ಕಿನ ಚೂರು ಉಳಿದಿದ್ದರೆ ಅದರ ಮೇಲೆ ಕೂತ ಡಿಸ್ಕ್ ನೆಟ್ಟಗೆ ತಿರುಗದೆ ಎಡಬಲಕ್ಕೆ ಓಲಾಡುತ್ತದೆ. ಹಬ್ಬಿನ ಬಳಿಯ ಸಣ್ಣ ಓರೆ ಡಿಸ್ಕಿನ ಅಂಚಿಗೆ ಬರುವಷ್ಟರಲ್ಲಿ ಇಮ್ಮಡಿಯಷ್ಟಾಗುತ್ತದೆ. ಆರಂಭದಲ್ಲಿ ಚಾಲಕನಿಗೆ ಏನೂ ತಿಳಿಯುವುದಿಲ್ಲ, ಏಕೆಂದರೆ ಪಿನ್ನುಗಳ ಮೇಲೆ ಜಾರುವ ಕ್ಯಾಲಿಪರ್ ಓಲಾಟದ ಜೊತೆಗೇ ಸರಿದಾಡುತ್ತದೆ. ಆದರೆ ಬ್ರೇಕ್ ಒತ್ತದೆ ಓಡುತ್ತಿರುವಾಗ ಡಿಸ್ಕಿನ ಅದೇ ಜಾಗ ಪ್ರತಿ ಸುತ್ತಿಗೂ ಒಮ್ಮೆ ಪ್ಯಾಡಿಗೆ ಸವರಿಕೊಂಡು ಹೋಗುತ್ತದೆ. ಸಾವಿರಾರು ಕಿಲೋಮೀಟರ್ ಹೀಗೆ ಸವರಿದಾಗ ಆ ಜಾಗ ಸವೆದು ತೆಳುವಾಗುತ್ತದೆ. ಹೊಸ ಡಿಸ್ಕ್ ಹಾಕಿ ತಿಂಗಳುಗಳಾದ ಮೇಲೆ ಅದುರು ಮರಳುವುದು ಈ ದಾರಿಯಲ್ಲೇ.

ಎರಡನೆಯದು ಪ್ಯಾಡಿನ ಪದಾರ್ಥ ಡಿಸ್ಕಿಗೆ ಅಂಟುವುದು. ಬ್ರೇಕ್ ಕಾದು ಕೆಂಡವಾಗಿರುವಾಗ ಕಾರನ್ನು ಪೂರ್ತಿ ನಿಲ್ಲಿಸಿ ಪೆಡಲನ್ನು ಒತ್ತಿಯೇ ಹಿಡಿದರೆ, ಪ್ಯಾಡಿನ ಕೆಳಗಿರುವ ಜಾಗದಲ್ಲಿ ಆ ಪದಾರ್ಥ ಅಚ್ಚು ಬಿದ್ದಂತೆ ಉಳಿಯುತ್ತದೆ. ಮುಂದೆ ಪ್ರತಿ ಸಲವೂ ಆ ಜಾಗ ಹೆಚ್ಚು ಹಿಡಿಯುತ್ತದೆ, ಹೆಚ್ಚು ಕಾಯುತ್ತದೆ, ಮತ್ತಷ್ಟು ಪದಾರ್ಥ ಅಂಟಿಸಿಕೊಳ್ಳುತ್ತದೆ.

ಮೂರನೆಯದು ಬಿಸಿಯಿಂದ ಲೋಹವೇ ಬದಲಾಗುವುದು. ಡಿಸ್ಕಿನ ಕೆಲವು ಜಾಗ 700 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಕಾದರೆ ಅಲ್ಲಿ ಸಿಮೆಂಟೈಟ್ ಎಂಬ ಗಡಸು ರೂಪ ಹುಟ್ಟುತ್ತದೆ. ಅದು ಸುತ್ತಲಿನ ಕಬ್ಬಿಣದಷ್ಟು ಬೇಗ ಸವೆಯದ ಕಾರಣ ದಿಬ್ಬವಾಗಿ ಉಳಿಯುತ್ತದೆ. ಡಿಸ್ಕಿನ ಮೇಲೆ ನೀಲಿ, ಕಪ್ಪು ಮಚ್ಚೆಗಳು ಸಾಲಾಗಿ ಕಂಡರೆ ಇದನ್ನು ಶಂಕಿಸಿ. ಮೇಲ್ಮೈ ಕೆತ್ತಿಸಿದರೂ ಒಳಗಿಳಿದ ಗಡಸು ಮಚ್ಚೆ ಹೋಗುವುದಿಲ್ಲ. ಇಂಥ ಡಿಸ್ಕನ್ನು ಬದಲಿಸಲೇಬೇಕು.

ದಪ್ಪ ಏರುಪೇರಾದಾಗ ಬ್ರೇಕ್ ಒತ್ತಿದರೆ ದಪ್ಪ ಜಾಗ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ, ತೆಳು ಜಾಗ ಮುಂದಕ್ಕೆ ಬರಗೊಡುತ್ತದೆ. ಆಯಿಲಿನ ಒತ್ತಡ ಏರಿಳಿದು ಪೆಡಲ್ ಮಿಡಿಯುತ್ತದೆ, ಹಿಡಿತ ಏರಿಳಿದು ಸ್ಟೀರಿಂಗ್ ಅದುರುತ್ತದೆ.

ಚಕ್ರ ಬಿಚ್ಚಿದಾಗ ನೋಡಬೇಕಾದ್ದು

ಮನೆಯಲ್ಲೇ ನೋಡುವವರು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಜಾಕ್ ಎತ್ತಿದ ಮೇಲೆ ಆಕ್ಸಲ್ ಸ್ಟ್ಯಾಂಡ್ ಇಟ್ಟೇ ಕೆಲಸ ಶುರುಮಾಡಬೇಕು. ಬರೀ ಜಾಕ್ ನಂಬಿ ಕಾರಿನಡಿ ಕೈ ಕಾಲು ಚಾಚಬೇಡಿ. ಬ್ರೇಕ್ ದೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆಯ ಅಥವಾ ಅಗ್ಗದ ಲೈನಿಂಗ್‌ಗಳಲ್ಲಿ ಕಲ್ನಾರು ಇರಬಹುದು. ಮಾಸ್ಕ್ ಹಾಕಿ, ಬ್ರೇಕ್ ಕ್ಲೀನರ್ ಸಿಂಪಡಿಸಿ ಒರೆಸಿ.

ಚಕ್ರ ಬಿಚ್ಚುವ ಮೊದಲು, ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಲಟಲಟ ಆಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸಡಿಲವಾಗಿದೆ. ಅದನ್ನು ಸರಿಪಡಿಸದೆ ಮುಂದಿನ ಯಾವ ಅಳತೆಗೂ ಅರ್ಥವಿಲ್ಲ. ಕೈಯಿಂದ ತಿರುಗಿಸಿದಾಗ ಸುತ್ತಿಗೊಂದು ಸಲ ‘ಸರ್’ ಎಂದು ಸವರಿದರೆ ಓಲಾಟದ ಸುಳಿವು. ಇಡೀ ಸುತ್ತು ಬಿಗಿಯಾಗಿದ್ದರೆ ಕ್ಯಾಲಿಪರ್ ಸಿಕ್ಕಿಕೊಂಡಿರುವ ಸುಳಿವು.

ಬಿಚ್ಚಿದ ಮೇಲೆ ಒಳಗಿನ ಮತ್ತು ಹೊರಗಿನ ಪ್ಯಾಡುಗಳ ದಪ್ಪ ಹೋಲಿಸಿ. ಎರಡೂ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಒಳಗಿನದು ಬಹಳ ಸವೆದು ಹೊರಗಿನದು ಹಾಗೇ ಉಳಿದಿದ್ದರೆ ಕ್ಯಾಲಿಪರ್ ಜಾರುತ್ತಿಲ್ಲ. ಉಜ್ಜುವ ಪದಾರ್ಥ 3 ಮಿ.ಮೀ.ಗೆ ಇಳಿದಿದ್ದರೆ ಪ್ಯಾಡ್ ಬದಲಿಸುವ ಕಾಲ ಬಂದಿದೆ. ಕ್ಯಾಲಿಪರ್ ಪಿನ್ನುಗಳು ಬೆರಳಿನಿಂದ ತಳ್ಳಿದರೆ ಸಲೀಸಾಗಿ ಒಳಗೆ ಹೊರಗೆ ಜಾರಬೇಕು, ಅವುಗಳ ರಬ್ಬರ್ ಬೂಟು ಹರಿದಿರಬಾರದು. ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ಮಳೆಯಲ್ಲಿ ಓಡುವ ಕಾರುಗಳಲ್ಲಿ ಹರಿದ ಬೂಟಿನೊಳಗೆ ನೀರು ಹೋಗಿ ಪಿನ್ ಜಾಮ್ ಆಗುವುದು ಬಲು ಬೇಗ.

ಕ್ಯಾಲಿಪರ್ ಬಿಚ್ಚಿದರೆ ಅದನ್ನು ಆಯಿಲ್ ಹೋಸಿಗೆ ಜೋತುಬಿಡಬೇಡಿ, ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಹೋಸ್ ಒಳಗೆ ಹರಿದರೆ ಹೊರಗಿಂದ ತಿಳಿಯದು.

ಅಳತೆ: ಎರಡು ಉಪಕರಣ, ಎರಡು ಸಂಖ್ಯೆ

ಮೊದಲು ಮೈಕ್ರೋಮೀಟರ್. ಡಿಸ್ಕಿನ ಅಂಚಿನಿಂದ ಸುಮಾರು 10 ಮಿ.ಮೀ. ಒಳಗೆ, ಸುತ್ತಲೂ ಸಮದೂರದ ಎಂಟು ಜಾಗಗಳಲ್ಲಿ ದಪ್ಪ ಅಳೆದು ಬರೆದಿಟ್ಟುಕೊಳ್ಳಬೇಕು. ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಳತೆಗಳ ವ್ಯತ್ಯಾಸ 0.015ರಿಂದ 0.02 ಮಿ.ಮೀ. ಮೀರಿದರೆ ಅದುರಿಗೆ ಕಾರಣ ಸಿಕ್ಕಂತೆ. ವರ್ನಿಯರ್ ಕ್ಯಾಲಿಪರ್ ಈ ಕೆಲಸಕ್ಕೆ ಸಲ್ಲದು. ಸವೆದ ಡಿಸ್ಕಿನ ಅಂಚಿನಲ್ಲಿ ಉಳಿಯುವ ದಡ ಅದರ ಅಳತೆಯನ್ನು ಕೆಡಿಸುತ್ತದೆ, ಅಷ್ಟು ಸೂಕ್ಷ್ಮತೆಯೂ ಅದಕ್ಕಿಲ್ಲ. ಅತಿ ಕಡಿಮೆ ಅಳತೆಯನ್ನು ಡಿಸ್ಕಿನ ಅಂಚಿನಲ್ಲೋ ನಡುಭಾಗದಲ್ಲೋ ಕೆತ್ತಿರುವ ಕನಿಷ್ಠ ದಪ್ಪಕ್ಕೆ ಹೋಲಿಸಿ. ಗಾಳಿ ಹಾಯುವ ಡಿಸ್ಕುಗಳಲ್ಲಿ ಹೊಸತರಿಂದ ಕೊನೆಯವರೆಗೆ ಒಟ್ಟು 2 ಮಿ.ಮೀ.ನಷ್ಟು ಸವೆತಕ್ಕೆ ಮಾತ್ರ ಅವಕಾಶವಿರುವುದು ಸಾಮಾನ್ಯ.

ಎರಡನೆಯದು ಡಯಲ್ ಗೇಜ್. ಡಿಸ್ಕನ್ನು ವಾಷರ್ ಹಾಕಿ ಎಲ್ಲ ನಟ್ಟುಗಳಿಂದ ಸಮವಾಗಿ ಬಿಗಿದು, ಗೇಜಿನ ಅಯಸ್ಕಾಂತದ ಬುಡವನ್ನು ಸಸ್ಪೆನ್ಷನ್ನಿಗೆ ಕೂರಿಸಿ, ಮುಳ್ಳನ್ನು ಡಿಸ್ಕಿನ ಮುಖಕ್ಕೆ ತಾಗಿಸಿ, ನಿಧಾನವಾಗಿ ಒಂದು ಸುತ್ತು ತಿರುಗಿಸಬೇಕು. ಓಲಾಟದ ಮಿತಿ ಕಾರಿನಿಂದ ಕಾರಿಗೆ 0.05ರಿಂದ 0.1 ಮಿ.ಮೀ.ವರೆಗೆ ಇರುತ್ತದೆ. 0.05ರ ಒಳಗಿದ್ದರೆ ನೆಮ್ಮದಿ.

ಓಲಾಟ ಹೆಚ್ಚಿದ್ದರೆ ಅದು ಡಿಸ್ಕಿನದೋ ಹಬ್ಬಿನದೋ ಎಂದು ತಿಳಿಯಲು ಒಂದು ಸುಲಭ ಉಪಾಯವಿದೆ. ಅತಿ ಎತ್ತರದ ಬಿಂದುವಿನ ಬಳಿ ಡಿಸ್ಕ್ ಮತ್ತು ಹಬ್ ಎರಡಕ್ಕೂ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಡಿಸ್ಕನ್ನು ತೆಗೆದು ಒಂದು ಬೋಲ್ಟಿನಷ್ಟು ತಿರುಗಿಸಿ ಮತ್ತೆ ಕೂರಿಸಿ ಅಳೆಯಿರಿ. ಎತ್ತರದ ಬಿಂದು ಡಿಸ್ಕಿನ ಗುರುತಿನ ಜೊತೆ ಸರಿದರೆ ತಪ್ಪು ಡಿಸ್ಕಿನದು, ಹಬ್ಬಿನ ಗುರುತಿನ ಬಳಿಯೇ ಉಳಿದರೆ ಹಬ್ಬಿನದು. ಒಂದೊಂದೇ ಬೋಲ್ಟ್ ತಿರುಗಿಸಿ ನೋಡುವಾಗ ಎಷ್ಟೋ ಬಾರಿ ಎರಡರ ಓರೆಗಳೂ ಒಂದನ್ನೊಂದು ಸರಿದೂಗಿಸುವ ಜಾಗ ಸಿಕ್ಕಿ, ಕಾಸು ಖರ್ಚಿಲ್ಲದೆ ಓಲಾಟ ಮಿತಿಯೊಳಗೆ ಬರುತ್ತದೆ.

ದುರಸ್ತಿ: ಕೆತ್ತಿಸಬೇಕೋ, ಬದಲಿಸಬೇಕೋ?

ಡಿಸ್ಕಿನಲ್ಲಿ ಸಾಕಷ್ಟು ದಪ್ಪ ಉಳಿದಿದ್ದು ಬಿರುಕು, ನೀಲಿ ಮಚ್ಚೆ ಇಲ್ಲದಿದ್ದರೆ ಸ್ಕಿಮ್ಮಿಂಗ್ ಮಾಡಿಸಬಹುದು. ಕೆತ್ತಿದ ಮೇಲೂ ಕನಿಷ್ಠ ದಪ್ಪಕ್ಕಿಂತ ಹೆಚ್ಚು ಉಳಿಯಬೇಕು, ಮುಂದಿನ ಸವೆತಕ್ಕೂ ಒಂದಿಷ್ಟು ಬಿಡಬೇಕು. ಕಾರಿನ ಮೇಲೆಯೇ ಡಿಸ್ಕ್ ಕೆತ್ತುವ ಯಂತ್ರವಿರುವ ಗ್ಯಾರೇಜ್ ಸಿಕ್ಕರೆ ಅದು ಉತ್ತಮ, ಏಕೆಂದರೆ ಹಬ್ಬಿನ ಓರೆಯನ್ನೂ ಸೇರಿಸಿಕೊಂಡು ಅದು ಮೇಲ್ಮೈಯನ್ನು ನೇರ ಮಾಡುತ್ತದೆ. ಸಾಮಾನ್ಯ ಲೇತಿನಲ್ಲಿ ಮಾಡಿಸುವುದಾದರೆ ಡಿಸ್ಕನ್ನು ಹಬ್ಬಿಗೆ ಕೂರುವ ಮುಖದ ಆಧಾರದಲ್ಲೇ ಹಿಡಿಯಬೇಕು, ಎರಡೂ ಮುಖ ಕೆತ್ತಬೇಕು. ಎಡ ಬಲ ಎರಡೂ ಡಿಸ್ಕುಗಳನ್ನು ಒಟ್ಟಿಗೇ ಮಾಡಿಸಿ.

ದಪ್ಪ ಕಡಿಮೆಯಿದ್ದರೆ, ಬಿರುಕಿದ್ದರೆ, ಗಡಸು ಮಚ್ಚೆಗಳಿದ್ದರೆ ಬದಲಾವಣೆಯೇ ಸರಿ. ಆಗಲೂ ಜೋಡಿಯಾಗಿ, ಹೊಸ ಪ್ಯಾಡುಗಳ ಜೊತೆ. ಹಳೆಯ ಡಿಸ್ಕಿನ ಏರುಪೇರಿಗೆ ಹೊಂದಿಕೊಂಡ ಪ್ಯಾಡನ್ನು ಹೊಸ ಡಿಸ್ಕಿಗೆ ಹಾಕಬಾರದು. ಹೊಸ ಡಿಸ್ಕಿಗೆ ಹಚ್ಚಿರುವ ತುಕ್ಕು ತಡೆಯುವ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ಪೂರ್ತಿ ಒರೆಸಿ.

ಕೆತ್ತಿಸಿದರೂ ಬದಲಿಸಿದರೂ ತಪ್ಪದೆ ಮಾಡಬೇಕಾದ ನಾಲ್ಕು ಕೆಲಸಗಳಿವೆ. ಅದುರು ಮರಳಿ ಬಾರದಂತೆ ತಡೆಯುವುದು ಇವೇ.

1. ಹಬ್ ಶುಚಿ ಮಾಡುವುದು. ಬೋಲ್ಟುಗಳ ಸುತ್ತಲಿನ ತುಕ್ಕನ್ನೂ ಬಿಡದೆ ವೈರ್ ಬ್ರಷ್ ಅಥವಾ ಎಮೆರಿ ಕಾಗದದಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡಿ. ಡಿಸ್ಕಿನ ಒಳಮುಖ, ರಿಮ್ಮಿನ ಒಳಮುಖಗಳಿಗೂ ಇದೇ ಕ್ರಮ.
2. ಪಿನ್ನುಗಳನ್ನು ತೊಳೆದು ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸ್ ಹಚ್ಚುವುದು. ಬೇರಿಂಗಿಗೆ ಹಾಕುವ ಪೆಟ್ರೋಲಿಯಂ ಗ್ರೀಸ್ ರಬ್ಬರನ್ನು ಊದಿಸಿ ಪಿನ್ನನ್ನು ಮತ್ತೆ ಜಾಮ್ ಮಾಡುತ್ತದೆ.
3. ನಟ್ಟುಗಳನ್ನು ಟಾರ್ಕ್ ರೆಂಚಿನಿಂದ, ಎದುರುಬದುರು ಕ್ರಮದಲ್ಲಿ, ಎರಡು ಮೂರು ಹಂತಗಳಲ್ಲಿ ಬಿಗಿಸುವುದು. ಸಣ್ಣ, ಮಧ್ಯಮ ಕಾರುಗಳಲ್ಲಿ ಇದು ಸಾಮಾನ್ಯವಾಗಿ 85ರಿಂದ 120 ನ್ಯೂಟನ್ ಮೀಟರ್. ನಿಮ್ಮ ಕಾರಿನ ಖಚಿತ ಸಂಖ್ಯೆ ಕೈಪಿಡಿಯಲ್ಲಿದೆ. ಪಂಕ್ಚರ್ ಅಂಗಡಿಯಲ್ಲಿ ಇಂಪ್ಯಾಕ್ಟ್ ಗನ್ನಿನಿಂದ ಒಂದೊಂದೇ ನಟ್ಟನ್ನು ಪೂರ್ತಿ ಬಿಗಿಸಿದರೆ ಡಿಸ್ಕ್ ಹಬ್ಬಿನ ಮೇಲೆ ಸೊಟ್ಟಗೆ ಕೂರುತ್ತದೆ. ಕೈಯಿಂದ ಬಿಗಿಸಲು ಧೈರ್ಯವಾಗಿ ಕೇಳಿ. ಸುಮಾರು 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.
4. ಬೆಡ್ಡಿಂಗ್. ಹೊಸ ಪ್ಯಾಡಿನ ಪದಾರ್ಥ ಡಿಸ್ಕಿನ ಸುತ್ತಲೂ ಸಮವಾಗಿ ಹರಡಬೇಕು. ಖಾಲಿ ರಸ್ತೆಯಲ್ಲಿ 60ರಿಂದ 10ಕ್ಕೆ ಮಧ್ಯಮ ಒತ್ತಡದಲ್ಲಿ ಎಂಟು ಹತ್ತು ಬಾರಿ ಇಳಿಸಿ. ನಡುವೆ ಪೂರ್ತಿ ನಿಲ್ಲಬೇಡಿ. ಆಮೇಲೆ ಬ್ರೇಕ್ ಹೆಚ್ಚು ಬಳಸದೆ ಕೆಲವು ಕಿಲೋಮೀಟರ್ ಓಡಿಸಿ ತಣಿಯಬಿಡಿ. ಪ್ಯಾಡ್ ತಯಾರಕರು ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಿ.

ಪಿಸ್ಟನ್ ಹಿಂದಕ್ಕೆ ತಳ್ಳುವಾಗ ಆಯಿಲ್ ಡಬ್ಬಿ ಉಕ್ಕದಂತೆ ಗಮನವಿರಲಿ, ಚೆಲ್ಲಿದರೆ ಬಣ್ಣ ಕಿತ್ತು ಬರುತ್ತದೆ. ಕೆಲಸ ಮುಗಿದ ಮೇಲೆ ಕಾರು ಚಾಲೂ ಮಾಡುವ ಮೊದಲೇ ಪೆಡಲ್ ಗಟ್ಟಿಯಾಗುವವರೆಗೆ ಪಂಪ್ ಮಾಡಿ. ಇದನ್ನು ಮರೆತರೆ ಮೊದಲ ಬ್ರೇಕ್ ಹಿಡಿಯುವುದೇ ಇಲ್ಲ.

ಹಿಂದಿನ ಡ್ರಮ್

ನಮ್ಮಲ್ಲಿ ಓಡುವ ಹೆಚ್ಚಿನ ಸಣ್ಣ ಕಾರುಗಳಿಗೆ ಹಿಂದೆ ಡ್ರಮ್ಮೇ ಇರುತ್ತದೆ. ಬಿಸಿಯಾದ ಡ್ರಮ್ಮಿಗೆ ಹ್ಯಾಂಡ್‌ಬ್ರೇಕನ್ನು ಬಲವಾಗಿ ಎಳೆದು ನಿಲ್ಲಿಸಿದರೆ ತಣಿಯುವಾಗ ಅದರ ದುಂಡು ಕೆಡಬಹುದು. ಕಾರನ್ನು ವಾರಗಟ್ಟಲೆ ಒದ್ದೆಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದೇ ಬಿಟ್ಟರೆ ಶೂ ತಾಗಿದ ಜಾಗದಲ್ಲಿ ತುಕ್ಕಿನ ಅಚ್ಚು ಬೀಳುತ್ತದೆ. ಮೊದಲ ಕೆಲವು ಬ್ರೇಕುಗಳಲ್ಲಿ ಅದು ಉಜ್ಜಿಹೋದರೆ ಚಿಂತೆಯಿಲ್ಲ. ಉಳಿದರೆ ಡ್ರಮ್ ಬಿಚ್ಚಿ ಒಳವ್ಯಾಸವನ್ನು ಮೂರು ನಾಲ್ಕು ದಿಕ್ಕಿನಲ್ಲಿ ಅಳೆಯಿಸಿ, ಡ್ರಮ್ಮಿನ ಮೇಲೆ ಕೆತ್ತಿರುವ ಗರಿಷ್ಠ ವ್ಯಾಸ ಮೀರದಿದ್ದರೆ ಲೇತಿನಲ್ಲಿ ದುಂಡು ಮಾಡಿಸಬಹುದು. ಹಾಗಾಗಿ ದೀರ್ಘಕಾಲ ನಿಲ್ಲಿಸುವಾಗ ಸಮತಟ್ಟು ಜಾಗದಲ್ಲಿ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಡಿ.

ಘಟ್ಟ ಇಳಿಯುವವರಿಗೆ

ಚಾರ್ಮಾಡಿ, ಶಿರಾಡಿ, ಆಗುಂಬೆ ಇಳಿಯುವಾಗ ಬ್ರೇಕಿನ ಮೇಲೆ ಬೀಳುವ ಹೊರೆ ಎಷ್ಟೆಂದು ಲೆಕ್ಕ ಹಾಕಬಹುದು. 500 ಮೀಟರ್ ಎತ್ತರದಿಂದ ಇಳಿಯುವಾಗ ಕರಗಿಸಬೇಕಾದ ಶಕ್ತಿ, ಅದೇ ಕಾರನ್ನು ಗಂಟೆಗೆ 100 ಕಿ.ಮೀ. ವೇಗದಿಂದ ಹನ್ನೆರಡು ಹದಿಮೂರು ಬಾರಿ ಪೂರ್ತಿ ನಿಲ್ಲಿಸುವುದಕ್ಕೆ ಸಮ. ಗಾಳಿಯ ತಡೆ, ಟಯರಿನ ತಡೆಗಳು ಅದರಲ್ಲೊಂದು ಪಾಲು ಹೀರುತ್ತವೆ. ಉಳಿದದ್ದನ್ನು ಎಂಜಿನ್ ಹಿಡಿಯಬೇಕು, ಇಲ್ಲವೇ ಬ್ರೇಕ್ ಬಿಸಿಯಾಗಿ ಕರಗಿಸಬೇಕು.

ಆದ್ದರಿಂದ ಏರುವಾಗ ಹಾಕುವ ಗೇರಿನಲ್ಲೇ ಇಳಿಯಿರಿ. ಹೆಚ್ಚಿನ ತಿರುವುಗಳಿಗೆ ಎರಡನೆಯ ಗೇರು ಸರಿ. ಆಟೋಮ್ಯಾಟಿಕ್ ಕಾರಿನಲ್ಲಿ ಎಲ್ ಅಥವಾ ಮ್ಯಾನ್ಯುಯಲ್ ಮೋಡ್ ಬಳಸಿ. ಪೆಡಲ್ ಮೇಲೆ ಸದಾ ಕಾಲಿಟ್ಟು ಸವರುತ್ತಾ ಇಳಿಯುವ ಬದಲು, ವೇಗ ಹೆಚ್ಚಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ ಇಳಿಸಿ ಪೂರ್ತಿ ಬಿಟ್ಟುಬಿಡಿ. ನ್ಯೂಟ್ರಲ್ ಮಾಡಿ, ಎಂಜಿನ್ ಆರಿಸಿ ಇಳಿಯುವುದು ಜೀವಕ್ಕೇ ಅಪಾಯ. ಎಂಜಿನ್ ನಿಂತರೆ ಬ್ರೇಕ್ ಬೂಸ್ಟರಿನ ನೆರವೂ ಬೇಗ ಮುಗಿಯುತ್ತದೆ.

ಇಳಿದ ಮೇಲೆ ತಕ್ಷಣ ನಿಲ್ಲಿಸದೆ ಒಂದೆರಡು ಕಿಲೋಮೀಟರ್ ನಿಧಾನವಾಗಿ ಓಡಿಸಿ ಗಾಳಿಯಾಡಿಸಿ. ನಿಲ್ಲಲೇಬೇಕಾದರೆ ಸಮತಟ್ಟಿನಲ್ಲಿ ನಿಂತು ಪೆಡಲಿನಿಂದ ಕಾಲು ತೆಗೆಯಿರಿ. ಕಾದ ಚಕ್ರಕ್ಕೆ ನೀರು ಹೊಡೆಯಬೇಡಿ, ಡಿಸ್ಕ್ ಒಂದೆಡೆ ಮಾತ್ರ ಥಟ್ಟನೆ ಕುಗ್ಗುತ್ತದೆ. ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಾಟ್ 4 ದರ್ಜೆಯ ಹೊಸ ಆಯಿಲಿನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ನೀರಿನಂಶ ಹೀರಿದ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಆಯಿಲ್ ಕುದಿದರೆ ಪೆಡಲ್ ಖಾಲಿಯಾಗಿ ನೆಲ ಮುಟ್ಟುತ್ತದೆ. ಅದುರಿಗಿಂತ ನೂರು ಪಾಲು ಭಯಂಕರವಾದ ಸ್ಥಿತಿ ಅದು.

ಗ್ಯಾರೇಜಿನಲ್ಲಿ ಕೇಳಬೇಕಾದ ಪ್ರಶ್ನೆಗಳು

- ಡಿಸ್ಕಿನ ದಪ್ಪ ಎಷ್ಟು ಜಾಗದಲ್ಲಿ ಅಳೆದಿರಿ, ವ್ಯತ್ಯಾಸ ಎಷ್ಟು ಬಂತು?
- ಕನಿಷ್ಠ ದಪ್ಪಕ್ಕಿಂತ ಎಷ್ಟು ಉಳಿದಿದೆ, ಸ್ಕಿಮ್ಮಿಂಗ್ ಸಾಧ್ಯವೇ?
- ಡಯಲ್ ಗೇಜಿನಲ್ಲಿ ಓಲಾಟ ಎಷ್ಟು, ಅದು ಡಿಸ್ಕಿನದೋ ಹಬ್ಬಿನದೋ?
- ಬೇರಿಂಗ್, ಲೋವರ್ ಆರ್ಮ್ ಬುಷ್ ನೋಡಿದಿರಾ?
- ಹಬ್ ಉಜ್ಜಿ, ಪಿನ್ನುಗಳಿಗೆ ಸಿಲಿಕೋನ್ ಗ್ರೀಸ್ ಹಚ್ಚಿ, ಟಾರ್ಕ್ ರೆಂಚಿನಿಂದ ಬಿಗಿಸುತ್ತೀರಾ?

ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ, ಸಂಖ್ಯೆಗಳನ್ನು ಜಾಬ್ ಕಾರ್ಡಿನ ಮೇಲೆ ಬರೆದುಕೊಡುತ್ತಾರೆ. ಆ ಚೀಟಿಯನ್ನು ಕಾರಿನ ದಾಖಲೆಗಳ ಜೊತೆ ಇಟ್ಟುಕೊಳ್ಳಿ, ಮುಂದಿನ ಸರ್ವಿಸಿನಲ್ಲಿ ಹೋಲಿಸಲು ಬೇಕಾಗುತ್ತದೆ. ಅಳೆಯದೆ ‘ಬೆಂಡ್ ಆಗಿದೆ’ ಎಂದವರಿಗೆ ಡಿಸ್ಕ್ ಬದಲಿಸಲು ಒಪ್ಪಿಗೆ ಕೊಡಬೇಡಿ. ಮೈಕ್ರೋಮೀಟರ್ ಮತ್ತು ಡಯಲ್ ಗೇಜ್ ಇರುವ ಇನ್ನೊಂದು ಗ್ಯಾರೇಜಿಗೆ ಕಾರು ಒಯ್ಯಿರಿ. ಅಲ್ಲಿ ಸಿಗುವ ಎರಡು ಸಂಖ್ಯೆಗಳು ನಿಮ್ಮ ಹಣವನ್ನೂ ಉಳಿಸುತ್ತವೆ, ಬ್ರೇಕಿನ ಮೇಲಿನ ನಂಬಿಕೆಯನ್ನೂ ಮರಳಿಸುತ್ತವೆ.